ಗಲ್ಲಿಯ ಕೊನೆಯ ನೀಲಿ ಬಾಗಿಲು

ಬೌದ್ಧ ಯಾತ್ರಿಕರ ಆ ಊರಿನಲ್ಲಿ, ದೊಡ್ಡ ಸ್ತೂಪದೆದುರು ಚಪ್ಪಲಿ ಒಪ್ಪಿಸುವ ಸಾಲು. ನನ್ನ ಮುಂದೆ ಇಬ್ಬರು ಹೆಂಗಸರು: ಅಲ್ಲೇ ಬೆಳೆದ ಅಕ್ಕ, ಆಕೆಯ ತಮ್ಮನ ಹೊಸ ಹೆಂಡತಿ.

“ನಿನ್ನೆ ಇವರು ನನ್ನನ್ನ ಊರೆಲ್ಲಾ ನಡೆಸಿದ್ರು ಅತ್ತಿಗೆ. ಬಣ್ಣಗಾರರ ಗಲ್ಲಿ, ಭಿಕ್ಷುಗಳು ಬಟ್ಟೆ ಒಣಗಿಸೋ ಹಿತ್ತಿಲು...”

“ಹಿತ್ತಿಲೂ ತೋರಿಸಿದ್ನಾ?”

“ಮೂಗಿಲ್ಲದ ಬುದ್ಧನ್ನೂ!”

“ಅದನ್ನ ಕಂಡುಹಿಡಿದವಳು ನಾನು ಕಣೇ. ನಾವು ಚಿಕ್ಕವರಿದ್ದಾಗ ಸ್ತೂಪಕ್ಕೆ ಟಿಕೆಟ್ ಇಟ್ಟು, ಕಾಸಿಲ್ಲದ ನಮ್ಮಂಥವರನ್ನ ಗೇಟಲ್ಲೇ ಅಟ್ಟುತ್ತಿದ್ರು. ನಮ್ಮ ಪಾಲಿಗೆ ಗಲ್ಲಿಗಳೇ ಉಳಿದಿದ್ದು. ಅವನನ್ನ ಸೊಂಟದ ಮೇಲೆ ಹೊತ್ತು ಸುತ್ತಿಸಿದ್ದೀನಿ. ಈಗ ಹೆಂಡತಿಗೆ ಗೈಡ್ ಆಗಿಬಿಟ್ಟ!”

“ಹೊಟ್ಟೆಕಿಚ್ಚಾ ಅತ್ತಿಗೆ?”

“ನನಗ್ಯಾಕೆ? ಪಾಪ, ನಿನ್ನ ಕಾಲು ನೊಂದಿರಬೇಕು ಅಷ್ಟೆ.”

“ಇಲ್ಲಪ್ಪ. ಗಲ್ಲಿ ಕೊನೇಲಿ ಒಂದು ನೀಲಿ ಬಾಗಿಲಿತ್ತು. ತಳ್ಳೋಕೆ ಹೋದೆ, ಇವರು ಕೈ ಹಿಡಿದು ವಾಪಸ್ ಕರ್ಕೊಂಡು ಬಂದ್ರು.”

ಅಕ್ಕನ ಗಂಟುಮುಖ ಸಡಿಲವಾಯಿತು.

“ಅದನ್ನ ತೋರಿಸ್ಲಿಲ್ವಾ?”

“ಅದು ಅಕ್ಕಂದು, ಅವಳನ್ನೇ ಕೇಳು ಅಂದ್ರು. ಒಳಗೇನಿದೆ ಅತ್ತಿಗೆ?”

“ಏನಿಲ್ಲ ಬಿಡೇ. ಬರೀ ಮುಳ್ಳು, ಕಸ.”

ಅವರ ಸರದಿ ಬಂತು. ಅಕ್ಕ ಬಗ್ಗಿ, ತಮ್ಮನ ಹೆಂಡತಿಯ ಚಪ್ಪಲಿಯನ್ನೂ ತಾನೇ ಎತ್ತಿ ಕೊಟ್ಟು, ಅವಳ ಕೈ ಹಿಡಿದುಕೊಂಡು ಒಳಗೆ ಹೋದಳು.