ಕೊನೇ ಸಾಲಿನ ಕಾರ್ಡು

ಕೇಳಬಾರದೆಂದುಕೊಂಡರೂ ನಿಲ್ದಾಣದಲ್ಲಿ ವಿಮಾನಕ್ಕೆ ಕಾಯುತ್ತಿದ್ದ ಟೀಚರೊಬ್ಬರ ಕಿವಿ ಗಾಜಿನ ಬಾಗಿಲ ಕಡೆಗೇ ಇತ್ತು. ವಿಮಾನ ಗುಡಿಸುವ ಇಬ್ಬರು ಅಲ್ಲಿ ಬಕೆಟ್ ಹಿಡಿದು ನಿಂತಿದ್ದರು: ನಡುವಯಸ್ಸಿನ ಮೇಲ್ವಿಚಾರಕಿ, ಅವಳ ಕೈಕೆಳಗಿನ ಗಂಡಸು.

“ನಿನ್ನ ಹೆಂಡ್ತಿ ಊರಿನ ವಿಮಾನ ಇನ್ನೇನು ಇಳಿಯುತ್ತೆ. ನಲವತ್ತೇ ನಿಮಿಷದ ದಾರಿ ನೋಡು.”

“ಬಸ್ಸಲ್ಲಿ ಹತ್ತು ಗಂಟೆ ಅಕ್ಕಾ. ಇಬ್ಬರಿಗೂ ಒಟ್ಟಿಗೆ ರಜಾ ಸಿಕ್ಕಿ ಐದು ತಿಂಗಳಾಯ್ತು.”

“ಆ ನಿಲ್ದಾಣದಲ್ಲಿ ಇದೇ ವಿಮಾನ ಗುಡಿಸೋಳು ಅವಳೇ ಅಲ್ವಾ?”

“ಅವಳೇ. ಅಪಾಯ ಬಂದ್ರೆ ಏನ್ಮಾಡ್ಬೇಕು ಅಂತ ಸೀಟಿನ ಜೇಬಲ್ಲಿ ಕಾರ್ಡ್ ಇರುತ್ತಲ್ಲ, ಕೊನೇ ಸಾಲಿನ ಕಿಟಕಿ ಹತ್ರದ್ದನ್ನ ತಲೆಕೆಳಗಾಗಿ ಇಟ್ಟು ಕಳಿಸ್ತಾಳೆ. ನಾನು ನೆಟ್ಟಗೆ ಮಾಡಿ ವಾಪಸ್ ಕಳಿಸ್ತೀನಿ.”

“ನಡುವೆ ಯಾರಾದ್ರೂ ತೆಗೆದ್ರೆ?”

“ಅದನ್ನ ಯಾರು ಓದ್ತಾರಕ್ಕಾ!”

ನೂರು ಸಲ ವಿಮಾನ ಹತ್ತಿಯೂ ಅದನ್ನು ಒಮ್ಮೆಯೂ ಓದಿರದ ಟೀಚರಿಗೆ ನಗು ಬಂತು.

“ಫೋನ್ ಇಲ್ವೇನೋ ನಿಮಗೆ?”

“ದಿನಾ ಮಾಡ್ತೀವಿ. ಫೋನಲ್ಲಿ ಮಾತು ಬರುತ್ತೆ. ಅವಳು ಮುಟ್ಟಿದ್ದು ಬರುತ್ತಾ?”

ಅಷ್ಟರಲ್ಲಿ ವಿಮಾನ ಬಂದು ನಿಂತಿತು, ಜನ ಒಬ್ಬೊಬ್ಬರಾಗಿ ಇಳಿದರು, ಗಾಜಿನ ಬಾಗಿಲು ತೆರೆಯಿತು.

“ಮುಂದಿನ ಸಾಲಿಂದ ಶುರು ಮಾಡ್ಬೇಕು ಕಣೋ!” ಎಂದು ಮೇಲ್ವಿಚಾರಕಿ ಕೂಗುವಷ್ಟರಲ್ಲಿ, ಅವನು ಹಿಂದಿನ ಮೆಟ್ಟಿಲು ಹತ್ತಿಯಾಗಿತ್ತು.