ಎರಡು ಸಾಲಿನ ನಫೀಸಮ್ಮ

ನಗುವವರು ಈಗಲೇ ಎದ್ದು ಹೋಗಿ. ಇದು ನನ್ನ ತಂಗಿಯ ಮಗ ಅನ್ಸಿಫ್‌ಗೆ ಆದದ್ದು, ಪಕ್ಕದಲ್ಲಿ ನಾನಿದ್ದೆ. ಬರಿಗೈಯಲ್ಲಿ ಹುಚ್ಚು ಒಂಟೆಯನ್ನು ಮಲಗಿಸಿದವ ನಾನು. ಅಂಥ ನಾನೇ ಹೆದರಿದೆ ಅಂದ ಮೇಲೆ ನೀವೇ ಲೆಕ್ಕ ಹಾಕಿ.

ಎರಡು ಸಾವಿರದ ಹತ್ತೊಂಬತ್ತು. ದುಬೈಯ ಊದ್ ಮೇಥಾ. ಅಲ್ಲಿನ ಒಂದು ಸಣ್ಣ ಆಸ್ಪತ್ರೆಗೆ ನಾನು ವಾಚ್‌ಮ್ಯಾನ್, ಅವನು ಕಂಪ್ಯೂಟರ್ ನೋಡುವವ. ಹಿಂದಿನ ದಿನವಷ್ಟೇ ಹೊಸ ಸಾಫ್ಟ್‌ವೇರ್ ಹಾಕಿದ್ದ. ಡ್ಯೂಟಿ ಮುಗಿಸಿ ಇಬ್ಬರೂ ರೂಮಿಗೆ ನಡೆದಿದ್ದೆವು. ರಾತ್ರಿ ಒಂದು ಗಂಟೆ... ಮುಚ್ಚಿದ ಹಳೇ ಬಾವಿಯ ಹತ್ತಿರ ಅವನ ಫೋನು ಗುರ್ರ್... ಗುರ್ರ್... ಮ್ಯಾನೇಜರ್ ಮೊರಿಸ್.

"ಕತ್ತೆ! ನೀನು ಹೊಸದು ಹಾಕಿದ ಮೇಲೆ ಹೆಸರು ಹುಡುಕಿದ್ರೆ ಪೇಶಂಟೇ ಸಿಗುವುದಿಲ್ಲ. ಕೌಂಟರಿನವರು ಹಳೇ ಪೇಶಂಟ್ ನಫೀಸಮ್ಮನನ್ನು ಹೊಸಬಳು ಅಂತ ಬರ್ಕೊಂಡಿದ್ದಾರೆ. ಬೆಳಿಗ್ಗೆ ಆರಕ್ಕೆ ಅವಳ ಆಪರೇಷನ್. ಅಷ್ಟರಲ್ಲಿ ಸರಿ ಮಾಡು, ಇಲ್ಲಾಂದ್ರೆ ನಿನ್ನ ವೀಸಾ ಖಲಾಸ್!"

ವಾಪಸ್ ಓಡಿದೆವು. ಆಸ್ಪತ್ರೆಯ ಕೆಳಗಿನ ಕಂಪ್ಯೂಟರ್ ಕೋಣೆ. ಯಂತ್ರದ ಫ್ಯಾನು ಗುಂಯ್... ಎಸಿಯ ನೀರು ತೊಟ್... ತೊಟ್...

"ಏನಾಗಿದೆ ಮೋನೆ?" ಪಿಸುಗುಟ್ಟಿದೆ.

"ಮಾಮ, ಇಂಡೆಕ್ಸ್, ಅಂದ್ರೆ ಹೆಸರು ಹುಡುಕುವ ಪಟ್ಟಿ, ಹಳೇ ಕ್ರಮದಲ್ಲಿದೆ. ಹೊಸ ಸಿಸ್ಟಮ್ ಹುಡುಕುವ ಕ್ರಮವೇ ಬೇರೆ."

ಅಕ್ಷರ ಬಾರದ ನನಗೆ ಥಟ್ಟನೆ ಗೊತ್ತಾಯಿತು. ಸಾಮಾನು ಕಪಾಟಿನಲ್ಲೇ ಇದೆ, ಹುಡುಕುವವ ಬೇರೆ ಖಾನೆಗೆ ಕೈ ಹಾಕುತ್ತಿದ್ದಾನೆ!

ಅವನು ಇಂಡೆಕ್ಸ್ ಬಿಟ್ಟು ಒಂದೊಂದೇ ಸಾಲು ನೋಡಿದ, ಒಬ್ಬ ಪೇಶಂಟಿಗೆ ಒಂದು ಸಾಲು. ನಫೀಸಮ್ಮ ಸಿಕ್ಕಿದಳು... ಎರಡು ಸಲ. ಅದೇ ಹುಟ್ಟಿದ ದಿನ, ಅದೇ ಐಡಿ ನಂಬರು.

"ಒಂದೇ ನಂಬರಿಗೆ ಇಬ್ಬರು. ಒಬ್ಬಳನ್ನು ಅಳಿಸದಿದ್ರೆ ಸಿಸ್ಟಮ್ ಇಂಡೆಕ್ಸ್ ಹೊಸದಾಗಿ ಕಟ್ಲಿಕ್ಕೆ ಬಿಡುವುದಿಲ್ಲ ಮಾಮ."

"ಹಳೆಯದನ್ನು ಅಳಿಸು, ಯಲ್ಲಾ, ಬೇಗ!" ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಮೊರಿಸ್ ಕಿರುಚಿದ.

ಆಗ... ಕಿಣ್. ಬಳೆಯ ಸದ್ದು.

ಬಾಗಿಲ ಹೊರಗಿನ ಬೆಂಚಿನಲ್ಲಿ ನಫೀಸಮ್ಮ ಕೂತಿದ್ದಳು. ಸಂಜೆ ನಾನೇ ವೀಲ್‌ಚೇರಿನಲ್ಲಿ ಮೂರನೇ ಮಹಡಿಗೆ ಬಿಟ್ಟು ಬಂದ ಮುದುಕಿ! ವಾರ್ಡಿಗೆ ಫೋನ್ ಮಾಡಿದೆ.

"ಇಲ್ಲೇ ಮಲಗಿದ್ದಾರೆ ಕಾಕ. ಗೊರಕೆ ನಿಮಗೆ ಅಲ್ಲಿಗೇ ಕೇಳ್ಬೇಕು," ನರ್ಸ್ ಜಮೀಲ ನಕ್ಕಳು.

ಬೆಂಚಿನವಳು ನುಂಗುವ ಹಾಗೆ ನೋಡಿದಳು. "ನನ್ನನ್ನು ಅಳಿಸಿ ನೋಡಿ... ಮೇಲೆ ಮಲಗಿದವಳನ್ನೂ ಕರ್ಕೊಂಡು ಹೋಗ್ತೇನೆ."

ಅನ್ಸಿಫ್‌ನ ಬೆರಳು ಹಳೇ ಸಾಲನ್ನು ಅಳಿಸಲು ಒತ್ತುವುದರಲ್ಲಿತ್ತು. ಕೈ ಹಿಡಿದೆ. "ನಿಂಗೆ ಮಂಡೆ ಸರಿ ಇಲ್ವಾ? ಮೊದಲು ಓದು!"

ಓದಿದ. ಹೊಸ ಸಾಲಿನಲ್ಲಿ ಹೆಸರು, ನಂಬರು, ಅಷ್ಟೇ. ಹಳೆಯದರ ಕೊನೆಯಲ್ಲಿ... ಪೆನಿಸಿಲಿನ್ ಕೊಡಬೇಡಿ, ಹಿಂದೆ ಉಸಿರು ನಿಂತಿತ್ತು.

ಹೊಸದನ್ನು ಅಳಿಸಿದ. ಸಿಸ್ಟಮ್ ಇಂಡೆಕ್ಸ್ ಕಟ್ಟಿತು. ತಿರುಗಿ ನೋಡಿದರೆ ಬೆಂಚು ಖಾಲಿ. ಆ ಸಾಲನ್ನು ಕಾಗದಕ್ಕಿಳಿಸಿ ಕೊಟ್ಟ. ಮೂರು ಮಹಡಿಯನ್ನು ಮೂರೇ ಹಾರಿಗೆ ಹತ್ತಿ ಡಾಕ್ಟರ ಕೈಗಿಟ್ಟೆ. ಮುದುಕಿ ಬದುಕಿದಳು. ಎಲ್ಲ ಕೇಳಿದ ಮೊರಿಸ್ ಮಾತ್ರ, "ಈ ಭೂತದ ಕತೆ ಹೊರಗೆ ಹೋದ್ರೆ ಇಬ್ಬರಿಗೂ ಊರಿನ ಟಿಕೆಟ್," ಅಂದ.

ಸುಳ್ಳು ಅನ್ನುವವ ನನ್ನ ಮುಖ ನೋಡಿ ಹೇಳಲಿ. ನಫೀಸಮ್ಮ ಮನೆಗೆ ಹೊರಟ ದಿನ ಮಂಚದ ಕೆಳಗಿಂದ ಚಪ್ಪಲಿ ಎಳೆದು ಕೊಟ್ಟವ ನಾನೇ. ಎರಡು ಜೊತೆ ಇತ್ತು. ಒಂದೇ ಸವೆತ. ಎರಡರಲ್ಲೂ ಎಡಗಾಲಿನ ಪಟ್ಟಿ ನೀಲಿ ದಾರದಲ್ಲಿ ಹೊಲಿದದ್ದು.