ಬುಟ್ಟಿ ಇಳಿಸುವ ಮುಂಚಿನ ಮಾತು

…ಅಲ್ಲ ನಾಗಕ್ಕ, ಬುಟ್ಟಿ ತಲೆ ಮೇಲಿರುವಾಗಲೇ ಕೇಂಬುದು ನಿನ್ನ ಅಭ್ಯಾಸ. ತೋಡಿನಾಚೆಯಿಂದ್ಲೇ, ‘ಹ್ವಾಯ್ ವನಜ, ಮಗನ ಫೋನ್ ಬಂತಾ?’ ಅಂತ ಕೂಗೂದು. ನಾನು ‘ಬಂತ್, ಬಂತ್’ ಅಂದ ಮೇಲೇ ಬುಟ್ಟಿಗೆ ಕೈ ಹಚ್ಚೂದು. ಮೊದ್ಲು ಭಾರ ಇಳ್ಸ್ ಮಾರಾಯ್ತಿ ಅಂದ್ರೂ ಕೇಂಬವಳಲ್ಲ. ಇವತ್ತೆಂತ, ಬಾಯಲ್ಲಿ ಎಲೆ-ಅಡಿಕೆ ತುಂಬಿತ್ತಾ? ಸೀದಾ ಬಂದೆ, ನೀನೇ ಇಳ್ಸ್ಕಂಡೆ, ಮೀನು ಕೊಯ್ಯೂಕೆ ಮೆಟ್ಟುಗತ್ತಿ ಎಳ್ಕಂಡ್ ಕೂಕಂಡೆ!… ಬಿಸಿಲಾ? ಹ್ಞಾಂ, ಬಿಸಿಲೇ ಇರ್ಕ್. ಗಂಗೊಳ್ಳಿ ಬಂದರಿನ ದಕ್ಕೆಯಿಂದ ಇಲ್ಲಿಗೆ ಬಪ್ಪುದ್ರೊಳಗೆ ಬುಟ್ಟಿಯಲ್ಲೇ ಮೀನು ಬೇಯ್ತ್. ತಕೋ, ನೀರು ಕುಡಿ.

ಇರ್ಲಿ. ನೀನು ಕೇಳದಿದ್ರೂ ನಾನೇ ಹೇಳ್ತೆ. ಬಂದಿತ್, ಫೋನ್. ನಿನ್ನೆ ಸಂಜೆ. ಅಕ್ಷಯ್ ಆರಾಮಿದ್ದ. ನಿನ್ನ ರತೀಶನೂ ಆರಾಮಿದ್ದ. ಇಬ್ರೂ ಒಟ್ಟಿಗೇ ಇದ್ದ್ರಂಬ್ರ್. ಗಡಿಯಲ್ಲಿ ಎಲ್ಲಿ, ಎಂತ ಅಂತ ಮಾತ್ರ ಮಿಲಿಟ್ರಿಯವರು ಹೇಳೂಕಾಗ ಅಂಬ್ರ್. ರತೀಶನ ಫೋನು ನೀರಿಗೆ ಬಿದ್ದು ಹಾಳಾಯ್ದ್, ಅದಕ್ಕೇ ನಿಂಗೆ ಮಾಡೂಕಾಗಲಿಲ್ಲೆ, ದಿನಾ ಹೇಳ್ತಿಲ್ಯಾ ನಾನು? ‘ಚಪಾತಿ ತಿಂದ್ ತಿಂದ್ ದವಡೆ ನೋವು, ಅಮ್ಮನ ಬಂಗಡೆ ಸಾರು ಕನಸಲ್ಲಿ ಬತ್ತ್’ ಅಂದ್ನಂಬ್ರ್ ನಿನ್ನ ಮಗ… ಎಂತ, ನಗೂದಿಲ್ಯಾ? ಬೇರೆ ದಿನ ಆದ್ರೆ ‘ಇನ್ನೊಂದ್ಸಲ ಹೇಳ್, ಅವನು ಹೇಳಿದ ಹಾಂಗೇ ಹೇಳ್’ ಅಂತ ಜೀವ ತಿಂತಿದ್ದೆ!

ಹೋಗ್ಲಿ ಬಿಡು. ನಂಗಂತೂ ಸಾಕಾಯ್ದ್, ಅಕ್ಕ. ಸಾಕಾಯ್ದ್. ಬೆಳಿಗ್ಗೆ ಕದ ತೆಗೂಕಿಲ್ಲೆ, ಒಬ್ಬರಲ್ಲ ಒಬ್ಬರು. ನಿನ್ನೆ ಯುವಕ ಮಂಡಲದ ರವಿಚಂದ್ರ ಬಂದಿದ್ದ. ಆದಿತ್ಯವಾರ ಶಾಲೆ ಮೈದಾನದಲ್ಲಿ ನಂಗೆ ಸನ್ಮಾನ ಅಂಬ್ರ್! ವೀರಮಾತೆ ಅಂಬ್ರ್! ಶಾಲು, ಹಣ್ಣು, ಹಾರ… ದೀಪ ಹಚ್ಚೂದೂ ನಾನೇ ಅಂಬ್ರ್. ದೀಪ! ನಂಗೆ ಪಿತ್ತ ನೆತ್ತಿಗೇರಿತ್. ಕೇಂಡೇ ಬಿಟ್ಟೆ. ‘ಏ ರವಿ, ಅಕ್ಷಯನ ಅಪ್ಪಯ್ಯನ ದೋಣಿ ಅಳಿವೆಯಲ್ಲಿ ಮಗುಚಿದ ವರ್ಷ ನಿನ್ನ ಅಕ್ಕನ ಮದುವೆ. ನಾನು ಚಪ್ಪರದೊಳಗೆ ಕಾಲಿಟ್ಟದ್ದಕ್ಕೆ ನಿನ್ನ ಅಬ್ಬೆ ಎಂತ ಹೇಳಿದ್ರು, ನೆನಪಿತ್ತಾ?’ ‘ಶುಭಕಾರ್ಯ ವನಜ, ಒಂಚೂರು ಹಿಂದೆ ಹೋಯಿ ಕೂಕೋ’ ಅಂದವರೇ ಅಲ್ದಾ? ನೀನೂ ನನ್ನೊಟ್ಟಿಗೆ ಎದ್ದು ಹಿಂದೆ ಬಂದು, ಪಾತ್ರೆ ತೊಳೆವಲ್ಲಿ ಕೂಕಂಡ್ ಊಟ ಮಾಡಿದ್ದೆ. ಆಗ ದೀಪಕ್ಕೆ ನನ್ನ ನೆರಳೂ ಆತಿರ್ಲಿಲ್ಲೆ. ಈಗ ಇದೇ ಕೈ ಬೇಕಾಯ್ತಾ ಇವರಿಗೆ?

ಒಲ್ಲೆ ಅಂದೆ. ‘ನಾಚಿಕೆ ಮಾಡ್ಕಣ್ಬೇಡಿ ಅಮ್ಮ, ಫ್ಲೆಕ್ಸ್ ಪ್ರಿಂಟಿಗೆ ಹೋಯಾಯ್ತ್’ ಅಂದ. ಅಕ್ಷಯನ ಫೋಟೊ, ಅದರ ಹಿಂದೆ ಒಂದು ಹುಲಿ! ಹುಲಿಯಂತೆ ಹುಲಿ. ಸಣ್ಣಕಿಪ್ಪಾಗ ಹುಲಿವೇಷದ ತಾಸೆ ಪೆಟ್ಟು ಕೇಂಡ್ರೆ ನಿನ್ನ ಸೆರಗಿನೊಳಗೆ ಹೊಕ್ಕವನು ಅವನು. ರತೀಶ ಹುಲಿಯ ಎದುರಿಗೆ ನಿಂತು ಕುಣೀತಿದ್ದ, ಇವನು ನಿನ್ನ ಸೆರಗು ಕಚ್ಕಂಡ್ ಕಣ್ಣು ಮುಚ್ಕಂಡ್… ಈಗ ಆದ್ರೂ ನಗಬಾರದಾ?

ನೀನಾದ್ರೂ ಆ ರವಿಗೆ ಹೇಳಕ್ಕ. ವನಜನಿಗೆ ಮೈ ಹುಶಾರಿಲ್ಲೆ ಅಂತ ಹೇಳ್. ಬೇಕಾದ್ರೆ ನಿಂಗೇ ಮಾಡ್ಲಿ ಸನ್ಮಾನ. ನಿನ್ನ ಮಗನೂ ಅಲ್ಲೇ ಇದ್ದನಲ್ಲ… ಎಂತಕ್ಕೆ ಹಾಂಗೆ ಕಂಡದ್ದು? ‘ನಿನ್ನ ಮಗನೂ’ ಅಂದೆ. ಇಬ್ರೂ ಇದ್ದ್ರಲ್ಲ ಅಲ್ಲಿ, ಅದಕ್ಕೆ ‘ಊ’ ಅಂದೆ. ತಪ್ಪೆಂತ ಬಂತ್?

ಈ ಬದಿಮನೆ ಪ್ರೇಮಾನಂದ ಬೇರೆ. ಹಗಲಿಡೀ ಟಿ.ವಿ. ಯುದ್ಧ ಗಡಿಯಲ್ಲಾ ಇವನ ಚಾವಡಿಯಲ್ಲಾ ಗೊತ್ತಾತಿಲ್ಲೆ. ಒಂದೊಂದು ಸಲ ಢಂ ಅಂದಾಗ್ಲೂ ಒಳಗೆ ಮಂಚದಡಿಗೆ… ಅಂದ್ರೆ, ನಂಗೆ ಮಂಚದಡಿಗೆ ಹೊಕ್ಕುವ ಅನ್ಸ್ತ್ ಅಂತ ಹೇಳಿದ್ದು. ‘ಸಣ್ಣ ಮಾಡ್ ಮಾರಾಯ’ ಅಂದ್ರೆ, ‘ನಿಮ್ಮ ಮಗನ್ನ ತೋರ್ಸೂಕೂ ಸಾಕು, ಕಾಣಿ’ ಅಂತ ಇನ್ನೂ ದೊಡ್ಡ ಮಾಡ್ತ. ರಸ್ತೆಯಲ್ಲಿ ಪೊಲೀಸರ ಜೀಪು ಒಂಚೂರು ನಿಧಾನ ಆದ್ರೆ ಸಾಕು, ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳ್ತ್. ನಿನ್ನೆ ಒಂದು ಚಟ್ಟಿ ಹೋಯ್ತ್. ಸಾರು ಸಮೇತ.

ಎಂತ?… ಒಳಗಾ? ಬೆಕ್ಕು… ಹೌದಕ್ಕ, ಬೆಕ್ಕೇ. ಬೆಕ್ಕಿಗೆ ಕೆಮ್ಮು ಬಪ್ಪುದಿಲ್ಯಾ?

ಏ, ಏ, ಸಾಕ್! ಎಷ್ಟ್ ಕೊಯ್ತೇ ನೀನು? ನಾನೊಬ್ಬಳು. ಎರಡು ಬಂಗಡೆ ಅಂದ್ರೆ ನಂಗೆ ರಾತ್ರಿಗೂ ಆತ್. ನೀನು ಚಟ್ಟಿ ತುಂಬ್ಸ್ತಾ ಇದ್ಯಲ್ಲ! ತಲೆ ಎಂತಕ್ಕೆ ಇಟ್ಟೆ? ನಾನು ತಲೆ ತಿಂಬುದಿಲ್ಲೆ, ನಿಂಗೆ ಗೊತ್ತಿತ್ತಲ್ಲ. ಈ ಮನೆಯಲ್ಲಿ ತಲೆ ಚೀಪೂದು ಅಕ್ಷ…

ನಾಗಕ್ಕ.

ಆ ಕದ ಎಂತಕ್ಕೆ ಕಾಂತಾ ಇದ್ದೆ?… ನನ್ನ ಮೊಖ ಕಾಣ್. ಇವತ್ತು ‘ಫೋನ್ ಬಂತಾ’ ಅಂತ ನೀನು ಎಂತಕ್ಕೆ ಕೇಳ್ಲಿಲ್ಲೆ?

ನಿಂಗೇ ಬಂತ್, ಅಲ್ದಾ. ರತೀಶ ಮಾಡಿದ… ಅಕ್ಷಯ್ ಎಲ್ಲಿ ಅಂತ ಕೇಂಡ್ನಾ? ಅಲ್ಲಿಗೆ ಬರ್ಲೇ ಇಲ್ಲೆ ಅಂದ್ನಾ?… ಅಯ್ಯಬ್ಬಾ. ಹಾಂಗಾದ್ರೆ ನಾನು ಈಗ ಹೇಳಿದ್ದೆಲ್ಲ… ಚಪಾತಿ, ಕನಸು, ಬಂಗಡೆ ಸಾರು… ಎಲ್ಲ ಗೊತ್ತಿದ್ದೂ ಕೇಂಡ್ಕಂಡ್ ಕೂತ್ಯಲ್ಲೇ! ಒಂದು ಸಲ ಬಾಯಿ ಮುಚ್ಚೇ ವನಜ ಅಂಬುಕೆ ಆತಿರ್ಲಿಲ್ಯಾ ನಿಂಗೆ?

ಬೈ ಅಕ್ಕ. ಮೆಲ್ಲ ಬೈ, ಪ್ರೇಮಾನಂದನಿಗೆ ಕೇಣ್ತ್. ಆದ್ರೂ ಬೈ.

ಅವನು ಹೊರಟದ್ದು ಸುಳ್ಳಲ್ಲ. ರಜೆ ರದ್ದು ಅಂತ ಬಂದಾಗ ಬ್ಯಾಗು ಅವನೇ ಕಟ್ಟಿದ. ಇದೇ ರವಿ ಹಾರ ಹಾಕಿ ಬೈಂದೂರು ಸ್ಟೇಷನ್ನಿಗೆ ಬಿಟ್ಟು ಬಂದದ್ದು, ನೀನೇ ಕಂಡಿದ್ದೆ. ರೈಲು ಬಂತಂಬ್ರ್. ನಿಂತಂಬ್ರ್. ಹೋಯ್ತಂಬ್ರ್. ಇವನು ಬೆಂಚಿನ ಮೇಲೇ. ‘ಕಾಲು ಏಳ್ಲಿಲ್ಲ ಅಮ್ಮ’ ಅಂದ. ಹೋದ ಸಲ ಅಲ್ಲಿ ಎಂತ ಕಂಡ್ನೋ ಹೇಳೂದಿಲ್ಲೆ. ನಾನೂ ಕೇಂಬುದಿಲ್ಲೆ. ಮರವಂತೆ ತನಕ ಯಾವುದೋ ಲಾರಿ. ಅಲ್ಲಿಂದ ಕಡಲ ಬದಿಯ ಹೊಯ್ಗೆ ಮೇಲೆ ನಡ್ಕಂಡ್ ಬಂದು ಹಿಂದಿನ ಕದ ತಟ್ಟಿದ. ಅವನ ಅಪ್ಪನ್ನ ವಾಪಸ್ ಕೊಡದ ಸಮುದ್ರದ ಬದಿಯಿಂದ್ಲೇ ಮಗ ನಡ್ಕಂಡ್ ಬಂದ್ರೆ ನಾನು ಕದ ತೆಗೀದೆ ಇಪ್ಪುಕಾತ್ತಾ? ಹೇಳ್. ನೀನಾಗಿದ್ರೆ ತೆಗೀತಿರ್ಲಿಲ್ಯಾ?

…ತೆಗೀತಿದ್ಯಾ? ಇಲ್ಯಾ?

ಕತ್ತಿ ಒರ್ಸೂದು ನಿಲ್ಸ್, ಇತ್ತ ಕಾಣ್.

ನಿಂಗೆ ಸುಳ್ಳು ಹೇಳೂಕಂತ ಹೇಳಿದ್ದಲ್ಲ ಅಕ್ಕ. ನೀನು ಅಷ್ಟು ಭಾರ ಹೊತ್ಕಂಡ್ ನಿಂತು ಕೇಂಬಾಗ ‘ನಂಗೆ ಗೊತ್ತಿಲ್ಲೆ’ ಅಂಬುಕೆ ನಾಲಗೆ ತಿರುಗ್ಲಿಲ್ಲೆ. ಒಂದು ದಿನ ‘ಆರಾಮಿದ್ದ’ ಅಂದೆ. ನಿನ್ನ ಮೊಖ ಅರಳ್ತ್. ಮರುದಿನ ಅದಕ್ಕೆ ಇನ್ನೊಂದು ಸೇರ್ಸ್ದೆ. ಆಮೇಲೆ… ಆಮೇಲೆ ನಂಗೇ ಅಭ್ಯಾಸ ಆಯ್ತ್. ಬೆಳಿಗ್ಗೆ ಎದ್ದು ಮುಸುರೆ ತೊಳೀತಾ, ಇವತ್ತು ರತೀಶನ ಬಾಯಲ್ಲಿ ಎಂತ ಹೇಳ್ಸೂದು ಅಂತ ಯೋಚ್ನೆ ಮಾಡ್ತಿದ್ದೆ, ಗೊತ್ತಿತ್ತಾ? ನನ್ನ ಮಗ ಒಳಗೆ ಬಾಯಿ ಬಿಡೂದಿಲ್ಲೆ. ನಿನ್ನ ಮಗನಾದ್ರೂ ನನ್ನ ಬಾಯಲ್ಲಿ ಮಾತಾಡ್ತಿದ್ದ.

ಇವನ ಕಾವಲಿನ ಪಾಳಿಯೂ ರತೀಶನ ಮೇಲೆ ಬಿತ್ತಾ? ಹಾಂಗೆಂತಾದ್ರೂ ಹೇಳಿದ್ನಾ?… ಇಲ್ಲ ಅನ್. ಹೌದಾದ್ರೆ ಹೌದು ಅನ್.

ಎದ್ಯಾ? ನಿಲ್, ಬುಟ್ಟಿಗೆ ಕೈ ಕೊಡ್ತೆ. ನಿನ್ನ ಸೊಂಟಕ್ಕೆ ಒಬ್ಬಳೇ ಎತ್ತೂಕಾಗ… ಎತ್ತಿಯೇ ಬಿಟ್ಯಲ್ಲ. ಮೀನಿನ ದುಡ್ಡು?… ನಾಗಕ್ಕ, ದುಡ್ಡು! ಈ ತಲೆ, ಇಷ್ಟು ಮೀನು… ಇದು ಅವನಿಗಂತ ಇಟ್ಟದ್ದಾ? ಅಲ್ಲ, ನಂಗೆ ತೋರ್ಸೂಕಂತ ಇಟ್ಟದ್ದಾ?

ತೋಡು ದಾಟ್ಬೇಡ, ಒಂದು ಮಾತ್. ಯಾರಿಗೂ ಹೇಳ್ಬೇಡ ಅಂತ ನಾನು ಹೇಳೂದಿಲ್ಲೆ. ಅದನ್ನ ಕೇಂಬುಕೆ ನಂಗೆ ಮೊಖ ಇಲ್ಲೆ. ನಾಳೆ ಬಾ, ಅಷ್ಟೇ. ದಕ್ಕೆಯಲ್ಲಿ ಮೀನು ಸಿಕ್ಕದಿದ್ರೂ ಖಾಲಿ ಬುಟ್ಟಿ ಹೊತ್ಕಂಡ್ ಬಾ. ಬಂದು, ಮೊದ್ಲಿನ ಹಾಂಗೇ, ಇಳ್ಸೂಕಿಂತ ಮುಂಚೆ, ಈ ಬದಿಯವರಿಗೂ ಆ ಬದಿಯವರಿಗೂ ಕೇಂಬ ಹಾಂಗೆ… ಆ ಮಾತು ಕೇಳ್ತ್ಯಾ ಅಕ್ಕ? ನಾನು ಈ ಸಲ ಎಂತ ಹೇಳ್ತೆ ಅಂತ ನಂಗೂ ಗೊತ್ತಿಲ್ಲೆ. ನೀನು ಕೇಳ್, ಸಾಕ್.

ನಾಗಕ್ಕ… ಹ್ವಾಯ್ ನಾಗಕ್ಕ! ಕೇಳ್ತ್ಯಾ?